ಕೆಂಚಪ್ಪ ಬಿಚ್ಚದ ಗಂಟು

ಬೆಳಗಿನ ಆರು ಗಂಟೆ. ಮಲವಗೊಪ್ಪದ ಹತ್ತಿರ ಚಾನಲ್ ಏರಿಯ ಮೇಲೆ ಕೆಂಚಪ್ಪ ಒಣಗಿದ ಎಲೆಯೊಂದನ್ನು ನೀರಿಗೆ ಬಿಟ್ಟು, ಅದರ ಪಕ್ಕದಲ್ಲೇ ನಡೆಯುತ್ತಾರೆ. ಎಲೆ ಅವರ ಜೊತೆಗೇ ಬಂದರೆ ಈಜಿನ ಪಾಠ ಇದೆ. ಅವರನ್ನು ಹಿಂದೆ ಹಾಕಿತೋ, ಮಕ್ಕಳೆಲ್ಲ ವಾಪಸ್ ಮನೆಗೆ. ಡ್ಯಾಮಿನಿಂದ ಇವತ್ತು ಎಷ್ಟು ನೀರು ಬಿಟ್ಟಿದ್ದಾರೆಂದು ಇಲ್ಲಿ ಯಾರೂ ಬಂದು ಹೇಳುವುದಿಲ್ಲ. ಅರವತ್ತೆಂಟು ವರ್ಷದ ಎರಡು ಕಾಲುಗಳೇ ಈ ಶಾಲೆಯ ಅಳತೆಗೋಲು.

ಇವತ್ತು ಎಲೆ ನಿಧಾನಕ್ಕಿದೆ. ಹೊಸಮನೆ, ಕೋಟೆ ಕಡೆಯಿಂದ ಬಂದವರೂ ಸೇರಿ ಹನ್ನೆರಡು ಮಕ್ಕಳು. ಎಲ್ಲರ ಬೆನ್ನಿಗೂ ಹಗ್ಗದಲ್ಲಿ ಕಟ್ಟಿದ ಖಾಲಿ ಎಣ್ಣೆ ಕ್ಯಾನು. ಕಟ್ಟುವವರೂ ಕೆಂಚಪ್ಪ, ಬಿಚ್ಚುವವರೂ ಕೆಂಚಪ್ಪ. ದಿನದ ಪಾಠ ಮುಗಿದಾಗ ಬಿಚ್ಚುವುದು ಬೇರೆ; ಪಾಠದ ನಡುವೆಯೇ ಬಿಚ್ಚಿದ ದಿನ ಈಜು ಬಂತು ಎಂದರ್ಥ. ಅವತ್ತು ದಡದಲ್ಲಿ ಕಾಯಿ ಒಡೆದು ಮಂಡಕ್ಕಿ ಹಂಚುವುದು ವಾಡಿಕೆ.

ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸ, ಶಿಫ್ಟಿಗೆ ಮೊದಲು ಈ ಪಾಠ. ಮೂವತ್ತು ವರ್ಷ ಹೀಗೇ ನಡೆಯಿತು. ಕಲಿತ ಮಕ್ಕಳ ಹೆಸರೆಲ್ಲ ಮರೆತುಹೋಗಿದೆ, ಒಂದನ್ನು ಬಿಟ್ಟು. ಆಕರ್ಷ, ಹನ್ನೊಂದು ವರ್ಷದವನು. ಮೂರು ವರ್ಷದ ಹಿಂದೆ ಅವನ ಗಂಟು ಬಿಚ್ಚಿದರು. ಒಂಬತ್ತನೇ ದಿನ ಗೆಳೆಯನ ಚಪ್ಪಲಿ ತೇಲಿಹೋಯಿತೆಂದು ತರಲು ಇಳಿದ. ನೀರು ಜೋರಿತ್ತು. ಮಾರನೇ ದಿನ ಅವನನ್ನು ಮೇಲೆತ್ತಿದ್ದೂ ಕೆಂಚಪ್ಪನವರೇ.

“ಈಜು ಬರ್ದೇ ಇದ್ದಿದ್ರೆ ದಡದಲ್ಲೇ ನಿಂತ್ಕೊಂಡು ಅಳ್ತಿದ್ದ. ಕೈಕಾಲು ಬಡಿಯೋದು ಕಲ್ಸ್ದೆ, ಎಲೆ ಬಿಟ್ಟು ನೋಡೋದ್ ಕಲ್ಸ್ಲಿಲ್ಲ. ಅದು ನನ್ ಕೆಲ್ಸ ಅನ್ಕೊಂಡಿದ್ದೆ,” ಅನ್ನುತ್ತಾರೆ ಕೆಂಚಪ್ಪ.

ಊರಲ್ಲಿ ಯಾರೂ ಅವರನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕೆಂಚಪ್ಪನವರೇ ಏರಿ ಹತ್ತುವುದನ್ನು ಬಿಟ್ಟರು. ಈ ಬೇಸಿಗೆ ಒಂದು ದಿನ ಬಾಗಿಲಲ್ಲಿ ಬಂದು ನಿಂತವಳು ಹುಲಿಗೆಮ್ಮ, ಆಕರ್ಷನ ತಾಯಿ. ಜೊತೆಗೆ ಒಂಬತ್ತು ವರ್ಷದ ಮಗಳು ಸ್ಫೂರ್ತಿ. ತಾಯಿ ಹೇಳಿದ್ದು ಒಂದೇ ಮಾತು: “ಇವ್ಳಿಗಾದ್ರೂ ಪೂರ್ತಿ ಕಲ್ಸಿ ಮಾವ.”

ಪಾಠ ಮತ್ತೆ ಶುರುವಾಯಿತು. ಈಗ ಮಕ್ಕಳೆಲ್ಲ ಒಂದೊಂದು ಎಲೆ ಬಿಟ್ಟು, ಜೊತೆಯಲ್ಲಿ ನಡೆದು ನೋಡಿಯೇ ನೀರಿಗಿಳಿಯಬೇಕು. ಸ್ಫೂರ್ತಿ ಮೀನಿನ ಹಾಗೆ ಈಜುತ್ತಾಳೆ. ಬೆನ್ನ ಮೇಲಿನ ಕ್ಯಾನು ನೆಪಕ್ಕೆ. ಆದರೂ ಈ ವರ್ಷ ಕೆಂಚಪ್ಪ ಒಂದು ಮಗುವಿನ ಗಂಟನ್ನೂ ಹಾಗೆ ಬಿಚ್ಚಿಲ್ಲ.

ಮೆಟ್ಟಿಲ ಮೇಲೆ ಕೂತ ಹುಲಿಗೆಮ್ಮನ ಚೀಲದಲ್ಲಿ ವಾರದಿಂದ ಅದೇ ತೆಂಗಿನಕಾಯಿ. “ಕ್ಯಾನ್ ಕಟ್ಕೊಂಡೇ ಹಸೆಮಣೆ ಹತ್ಬೇಕಾ ನನ್ ಮಗ್ಳು? ಬಿಚ್ಚಿ ಮಾವ.”

ಕೆಂಚಪ್ಪನವರ ಬೆರಳು ಗಂಟಿನವರೆಗೆ ಹೋಗುತ್ತದೆ. ಅಲ್ಲೇ ನಿಲ್ಲುತ್ತದೆ. “ಹಗ್ಗ ನೆನ್ದು ಬಿಗಿಯಾಗಿದೆ ಮಾರಾಯ್ತಿ. ನಾಳೆ ನೋಡಣ.”

ಹುಲಿಗೆಮ್ಮ ಚೀಲ ಎತ್ತಿಕೊಳ್ಳುತ್ತಾಳೆ. ತಾಯಿ ಮಗಳು ಏರಿ ಇಳಿದು ಮರೆಯಾದ ಮೇಲೆ ಕೆಂಚಪ್ಪ ನೀರಿನ ಕಡೆಗೇ ನೋಡುತ್ತಾ ಹೇಳುತ್ತಾರೆ:

“ಸಾಯೋದ್ರೊಳಗೆ ಇವ್ಳದೊಂದು ಗಂಟು ಬಿಚ್ಬೇಕು ಅಂತ ಆಸೆ. ನನ್ ಕೈಲಿ ಆಗಲ್ಲ ಅನ್ಸುತ್ತೆ. ಅವ್ರಮ್ಮನೇ ಒಂದಿನ ಬಿಚ್ಚಿಬಿಡ್ಲಿ. ದಿನಾ ಸಡ್ಲಾನೇ ಕಟ್ತಿದೀನಿ.”