ಮೇಷ್ಟ್ರು ಕೆತ್ತಿದ ಕೊನೆಯ ಹಾಳೆ

ಅವರ ಬಲಗೈ ಹೆಬ್ಬೆರಳಿನ ಉಗುರಿನಡಿಯಲ್ಲಿ ಅಚ್ಚಿನ ಮಸಿ ಒಂದು ಕಪ್ಪು ಗೆರೆಯಾಗಿ ಸದಾ ಉಳಿದಿರುತ್ತಿತ್ತು. ಮೆಲ್ಬರ್ನಿನ ದೇವಸ್ಥಾನದಲ್ಲಿ ತೀರ್ಥಕ್ಕೆಂದು ಕೈ ಚಾಚಿದಾಗ ಅಂಗೈಯ ರೇಖೆಗಳಲ್ಲೂ ಆ ಮಸಿ ಇಳಿದು ಕುಳಿತಿರುವುದು ಕಾಣುತ್ತಿತ್ತು. ಉದ್ಧರಣೆಯಿಂದ ಬಿದ್ದ ನೀರು ಆ ಕಪ್ಪು ಗೆರೆಗಳ ಮೇಲೆ ಒಂದು ಕ್ಷಣ ನಿಂತು ಹೊಳೆಯುತ್ತಿತ್ತು. ಮೊದಮೊದಲು ಅರ್ಚಕರು ಕೈ ತೊಳೆದು ಬನ್ನಿ ಎಂದಿದ್ದರಂತೆ. "ತೊಳೆದೇ ಬಂದಿದೀನಿ ಸ್ವಾಮಿ. ಎಷ್ಟು ತಿಕ್ಕಿದ್ರೂ ಹೋಗಲ್ಲ ಅನ್ನತ್ತೆ, ನಾನೇನು ಮಾಡ್ಲಿ" ಎಂದು ಇವರು ಚಾಚಿದ ಕೈಯನ್ನು ಹಿಂದೆಗೆಯದೆ ನಿಂತಿದ್ದರು.

ನಾನು ಅವರನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದೆ; ಅವರು ನನ್ನನ್ನು ಶಾಸ್ತ್ರಿಗಳೇ ಎನ್ನುತ್ತಿದ್ದರು. ಮೈಸೂರಿನ ಒಂದೇ ಕಾಲೇಜಿನಲ್ಲಿ ಅವರು ಇಂಗ್ಲಿಷ್ ಸಾಹಿತ್ಯವನ್ನೂ ನಾನು ಸಂಸ್ಕೃತವನ್ನೂ ಬೋಧಿಸುತ್ತಿದ್ದೆವು. ಮುಪ್ಪಿನಲ್ಲಿ ಇಬ್ಬರನ್ನೂ ಮಕ್ಕಳು ಈ ದೇಶಕ್ಕೆ ಕರೆಸಿಕೊಂಡರು. ಅವರು ಮಗನೊಂದಿಗೆ ಮೆಲ್ಬರ್ನಿನ ವೆರಿಬೀಯಲ್ಲಿ ನೆಲೆಸಿದರು; ನಾನು ನನ್ನ ಮಗನೊಂದಿಗೆ ಸಿಡ್ನಿಯ ದಿ ಪಾಂಡ್ಸ್‌ನಲ್ಲಿ ನೆಲೆಸಿದೆ. ನನ್ನ ಮಗಳ ಮನೆ ವೆರಿಬೀಗೆ ಸಮೀಪದ ಟ್ರುಗನಿನಾದಲ್ಲಿದೆ. ಆದುದರಿಂದ ಪ್ರತಿವರ್ಷದ ಚಳಿಗಾಲವನ್ನು ನಾನು ಅಲ್ಲಿಯೇ ಕಳೆಯುತ್ತಿದ್ದೆ. ಅಂದರೆ ದಿನದ ಬಹುಭಾಗವನ್ನು ಮೇಷ್ಟ್ರ ಗ್ಯಾರೇಜಿನಲ್ಲಿ ಕಳೆಯುತ್ತಿದ್ದೆ.

ಆ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಮುಚ್ಚಿಹೋಗುತ್ತಿದ್ದ ಒಂದು ಹಳೆಯ ಮುದ್ರಣಾಲಯದಿಂದ ಮೇಷ್ಟ್ರು ತಂದ ಕೈ ಅಚ್ಚಿನ ಯಂತ್ರವೊಂದು ಅಲ್ಲಿ ಪೀಠಸ್ಥವಾಗಿತ್ತು. "ಅಪ್ಪ, ಕಾರು ಹೊರಗಡೆ ಆಲಿಕಲ್ಲು ತಿಂತಿದೆ, ಕಬ್ಬಿಣ ಒಳಗಡೆ ಹೀಟರ್ ಕಾಯಿಸ್ಕೊತಿದೆ" ಎಂದು ಮಗ ಗೊಣಗಿದರೆ, "ಕಾರಿಗೆ ಇನ್ಶೂರೆನ್ಸ್ ಇದೆ ಕಣೋ" ಎನ್ನುತ್ತಿದ್ದರು. ಅಲ್ಲಿದ್ದುದು ಇಂಗ್ಲಿಷ್ ಅಕ್ಷರದ ಸೀಸದ ಮೊಳೆಗಳು ಮಾತ್ರ. ಒಂದೊಂದನ್ನೇ ಆಯ್ದು, ತಲೆಕೆಳಗಾಗಿ ಜೋಡಿಸಿ, ಮಸಿ ಹಚ್ಚಿ, ಹಿಡಿಯನ್ನು ಎಳೆದು, ಒದ್ದೆಯಾದ ಮೊದಲ ಹಾಳೆಯನ್ನು ಎರಡೂ ಕೈಗಳಿಂದ ಎತ್ತಿ ಹಿಡಿಯುವಾಗ ಅವರ ಮುಖದಲ್ಲಿ ಮೂಡುತ್ತಿದ್ದ ಭಾವವನ್ನು ನಾನು ಗರ್ಭಗುಡಿಯ ಪರದೆ ಸರಿಯುವ ಹೊತ್ತಿನಲ್ಲಿ ಭಕ್ತರ ಮುಖದಲ್ಲಷ್ಟೇ ಕಂಡಿದ್ದೇನೆ.

ಇಂಗ್ಲೆಂಡಿನ ಮೊದಲ ಅಚ್ಚುಗಾರರ ಕಾಲವೇ ಅವರ ಜೀವಮಾನದ ವ್ಯಾಸಂಗ. ಬಟ್ಟೆಯ ವ್ಯಾಪಾರಿಯೊಬ್ಬ ಸಮುದ್ರದಾಚೆ ಹೋಗಿ ಈ ವಿದ್ಯೆ ಕಲಿತು ಬಂದುದು, ತಾನೇ ಅನುವಾದಿಸಿ ತಾನೇ ಅಚ್ಚು ಹಾಕಿದುದು, ಯಾವ ಸೀಮೆಯ ಮಾತಿನಲ್ಲಿ ಅಚ್ಚು ಹಾಕಲಿ ಎಂದು ಗೊಂದಲಕ್ಕೆ ಬಿದ್ದುದು, ಇವನ್ನೆಲ್ಲ ನೆರೆಮನೆಯ ಸಮಾಚಾರದಂತೆ ಹೇಳುತ್ತಿದ್ದರು. "ಅವನು ಆರಿಸಿಕೊಂಡದ್ದು ಸಾಹಿತ್ಯ ಆಯ್ತು ಶಾಸ್ತ್ರಿಗಳೇ, ಬಿಟ್ಟದ್ದು ಗಾಳಿಗೆ ಹೋಯ್ತು. ಲಂಡನ್ನಿನ ಒಂದು ಓಣಿಯ ಮಾತು ಹಡಗು ಹತ್ತಿ ನಮ್ಮ ಕಾಲೇಜಿಗೂ ಬಂತು, ಇಲ್ಲಿಗೂ ಬಂತು. ಇಗೋ, ವೆರಿಬೀ ಅಂತ ಬೋರ್ಡ್ ಇದೆ. ಆ ಹೆಸರನ್ನ ಇಲ್ಲಿಯ ಮೂಲದ ಜನ ಹೇಳಿದ್ರು, ಯಾರೋ ಕೇಳಿಸ್ಕೊಂಡ್ರು, ಯಾರೋ ಅಚ್ಚು ಹಾಕಿದ್ರು. ಹೇಳಿದವರ ಹೆಸರು ಎಲ್ಲಿದೆ, ತೋರ್ಸಿ?"

ಆ ಅಚ್ಚುಗಾರರ ಒಂದು ಪದ್ಧತಿಯನ್ನು ಅವರು ಬಹುವಾಗಿ ಗೌರವಿಸುತ್ತಿದ್ದರು. ಪುಸ್ತಕ ಮುಗಿದ ಮೇಲೆ, ಕೊನೆಯ ಹಾಳೆಯಲ್ಲಿ ಅಚ್ಚು ಹಾಕಿದವನು ತನ್ನ ದನಿಯಲ್ಲಿ ಮಾತಾಡುತ್ತಿದ್ದನು: ಇದನ್ನು ರಚಿಸಿದವರು ಇವರು, ಮಾಡಿಸಿದವರು ಇವರು, ದೋಷವಿದ್ದರೆ ನನ್ನದು. ನಮ್ಮ ಓಲೆಗರಿಯ ಲಿಪಿಕಾರರೂ ಬೆನ್ನು ಬಾಗಿದ ಕಷ್ಟವನ್ನು ಹೇಳಿಕೊಂಡು, ಗ್ರಂಥವನ್ನು ಜೋಪಾನವಾಗಿಡಿ ಎಂದು ಕೊನೆಯ ಗರಿಯಲ್ಲಿ ಬೇಡುತ್ತಿದ್ದರೆಂದು ನಾನು ಹೇಳಿದಾಗ ಅವರು ಮಗುವಿನಂತೆ ಸಂತೋಷಪಟ್ಟರು. "ನೋಡಿದ್ರಾ, ಎರಡು ಕಡೆಯೂ ಕೊನೆ ಹಾಳೆಯಲ್ಲಿ ಸುಳ್ಳು ಹೇಳ್ಬಾರ್ದು ಅನ್ನೋ ಭಯ ಇತ್ತು."

ಅವರ ಪತ್ನಿ ಹಾಡು ಕಟ್ಟುತ್ತಿದ್ದರು. ಶುಕ್ರವಾರದ ಲಕ್ಷ್ಮೀಪೂಜೆಗೆ, ಗೌರಿಗೆ, ಆರತಿಗೆ ಆಕೆ ಕಟ್ಟಿದ ಹಾಡುಗಳನ್ನು ವೆರಿಬೀ, ಟ್ರುಗನಿನಾಗಳ ಹೆಂಗಸರೆಲ್ಲ ಆಕೆಯ ಎದುರು ಕುಳಿತು ಕಲಿತಿದ್ದರು. ಆಕೆ ಒಂದನ್ನೂ ಬರೆದಿಡಲಿಲ್ಲ. ಆಕೆ ತೀರಿಕೊಂಡ ಮೇಲೆ ನಮ್ಮವರ ಸಂಘದ ಅಧ್ಯಕ್ಷರು, ಹೆಸರಾಂತ ಡಾಕ್ಟರು, ಮನೆಗೆ ಬಂದು ಹಾಡುಗಳನ್ನು ಪುಸ್ತಕ ಮಾಡಿಸುತ್ತೇನೆ ಎಂದರು. ಆ ಚಳಿಗಾಲವೆಲ್ಲ ಮೇಷ್ಟ್ರು ಕಣ್ಣು ಮುಚ್ಚಿ, ಹೆಂಡತಿಯ ದನಿಯನ್ನು ಒಳಗೆ ಕೇಳಿಸಿಕೊಳ್ಳುತ್ತ, ಒಂದೊಂದು ಹಾಡನ್ನೂ ನೆನಪಿನಿಂದ ಒಪ್ಪಿಸಿದರು. ಡಾಕ್ಟರು ಕಳಿಸಿದ ಹುಡುಗಿ ಲ್ಯಾಪ್‌ಟಾಪಿನಲ್ಲಿ ಇಳಿಸಿಕೊಂಡಳು.

ಪುಸ್ತಕ ಬಿಡುಗಡೆಯ ದಿನ ಮುಖಪುಟದಲ್ಲಿ ಡಾಕ್ಟರ ತಾಯಿಯ ಭಾವಚಿತ್ರವಿತ್ತು. ಅದರ ಕೆಳಗೆ, ಹಾಡುಗಳ ರಚನೆ ಆ ತಾಯಿಯದೆಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಆಕೆಯೂ ಅದೇ ವರ್ಷ ತೀರಿಕೊಂಡಿದ್ದರು. ಮೇಷ್ಟ್ರ ಪತ್ನಿಯ ಎದುರಿನಲ್ಲೇ ಕುಳಿತು ಆ ಹಾಡುಗಳನ್ನು ಕಲಿತಿದ್ದ ಸಾಧ್ವಿ. ಮಾತೃಭಕ್ತಿ ದೊಡ್ಡದೆಂಬುದನ್ನು ನಾನು ಬಲ್ಲೆ. ಇನ್ನೊಬ್ಬಳ ಹಾಡನ್ನು ಕಿತ್ತು ತಾಯಿಗೆ ತೊಡಿಸುವುದಕ್ಕೆ ಶಾಸ್ತ್ರದಲ್ಲಿ ಬೇರೆ ಹೆಸರಿದೆ. ಸಭಾಂಗಣದಲ್ಲಿದ್ದ ಹೆಂಗಸರಿಗೆಲ್ಲ ನಿಜ ಗೊತ್ತಿತ್ತು. ಆದರೆ ಒಬ್ಬರಿಗೆ ಡಾಕ್ಟರು ಆಸ್ಪತ್ರೆಯಲ್ಲಿ ನೆರವಾಗಿದ್ದರು, ಇನ್ನೊಬ್ಬರ ಮಗನಿಗೆ ಕೆಲಸ ಕೊಡಿಸಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರಿಗೆ ಒಂದು ಶಾಲು ಹೊದಿಸಿದರು.

ಶಾಲನ್ನು ಹೊದ್ದುಕೊಂಡೇ ಅವರು ಡಾಕ್ಟರ ಬಳಿ ಹೋಗಿ ಕೇಳಿದರು. ನಾನು ಪಕ್ಕದಲ್ಲಿದ್ದೆ.

"ಅಂಕಲ್, ದೇವರ ಹಾಡಿಗೆ ಕಾಪಿರೈಟ್ ಎಲ್ಲಿದೆ?" ಎಂದು ಡಾಕ್ಟರು ನಕ್ಕರು. "ಅಮ್ಮನೂ ಹಾಡ್ತಿದ್ರು, ಆಂಟೀನೂ ಹಾಡ್ತಿದ್ರು. ಇಷ್ಟು ಸಣ್ಣ ವಿಷ್ಯಾನ ಇಶ್ಯೂ ಮಾಡ್ಬೇಡಿ ಪ್ಲೀಸ್. ಎಲ್ಲಾ ಪ್ರಿಂಟ್ ಆಗೋಗಿದೆ. ನೆಕ್ಸ್ಟ್ ಎಡಿಷನ್‌ನಲ್ಲಿ ನೋಡೋಣ."

"ಪ್ರಿಂಟ್ ಆಗೋಗಿದೆ. ಅದೇ ನನ್ನ ಕಷ್ಟ" ಎಂದರು ಮೇಷ್ಟ್ರು.

ಮೇಷ್ಟ್ರ ಮಗನ ಕಾರಿನಲ್ಲಿ ಮನೆಗೆ ಮರಳುವಾಗ ನಾನು ಕ್ಷಮೆಯ ಮಾತೆತ್ತಿದೆ. ಕ್ರೋಧವನ್ನು ಆರು ಶತ್ರುಗಳಲ್ಲಿ ಒಂದೆಂದು ಜೀವಮಾನವೆಲ್ಲ ಪಾಠ ಹೇಳಿದವನು ನಾನು. ಅವರು ಕಾರಿನ ಕಿಟಕಿಯಿಂದ ದೃಷ್ಟಿ ತೆಗೆಯದೆ ಹೇಳಿದರು: "ಶಾಸ್ತ್ರಿಗಳೇ, ಕ್ಷಮೆ ಕೇಳಿದವರಿಗೆ ಕೊಡೋದು. ಅವನು ಕೇಳಿದ್ನಾ?"

ಹಿಂದಿನ ಸೀಟಿನಲ್ಲಿ ಅವರ ಮೊಮ್ಮಗಳು ಶಾಲೆಯ ಸ್ಪರ್ಧೆಗಾಗಿ ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಮೇಷ್ಟ್ರು ಅವಳತ್ತ ತೋರಿಸಿದರು. "ಆ ಪದಗಳಲ್ಲಿ ಯಾರೂ ಉಚ್ಚರಿಸದ ಅಕ್ಷರಗಳಿವೆಯಲ್ಲ, ಒಂದು ಕಾಲಕ್ಕೆ ಜನ ಅದನ್ನ ಬಾಯ್ತುಂಬ ಹೇಳ್ತಿದ್ರು. ಅಚ್ಚುಗಾರ ಸೀಸದಲ್ಲಿ ಹಿಡಿದುಬಿಟ್ಟ. ಜನ ಎದ್ದುಹೋದ್ರು, ಅಕ್ಷರ ಅಲ್ಲೇ ಕೂತಿದೆ. ಅಚ್ಚಾದದ್ದು ಹಾಗೆ ಕೂತ್ಕೊಳ್ಳತ್ತೆ. ಸುಳ್ಳೂ ಹಾಗೇ ಕೂತ್ಕೊಳ್ಳತ್ತೆ. ನಾವೆಲ್ಲ ಸತ್ತ ಮೇಲೆ ಇವಳ ಮಕ್ಕಳು ಆ ಪುಸ್ತಕ ತೆಗೆದ್ರೆ, ನನ್ನ ಹೆಂಡತಿ ಇರಲೇ ಇಲ್ಲ."

 

ಮರುದಿನದಿಂದ ಅವರು ಸೇಡಿಗೆ ಕುಳಿತರು. ಜಪಕ್ಕೆ ಕುಳಿತಂತೆ, ಸ್ನಾನ ಮಾಡಿ, ಮಡಿಯುಟ್ಟು. ಕನ್ನಡದ ಮೊಳೆಗಳು ಈ ದೇಶದಲ್ಲಿ ದೊರೆಯಲಿಲ್ಲ. ಆದುದರಿಂದ ಮಕ್ಕಳು ಶಾಲೆಯಲ್ಲಿ ಚಿತ್ರ ಕೆತ್ತಲು ಬಳಸುವ ಲಿನೋಲಿಯಂ ತುಂಡೊಂದನ್ನು ತರಿಸಿ, ಉಳಿಯಿಂದ ಒಂದು ಹಾಳೆಯಷ್ಟು ಅಕ್ಷರಗಳನ್ನು ಕೆತ್ತತೊಡಗಿದರು. ಕೈ ನಡುಗುತ್ತಿತ್ತು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿ ಹಿಡಿದು ಕೆತ್ತುತ್ತಿದ್ದರು. ಮಸಿ ಹಚ್ಚಿ, ಹಿಡಿ ಎಳೆದು, ಮೊದಲ ಹಾಳೆಯನ್ನು ಎತ್ತಿ ನೋಡಿದರು. ಒಂದಕ್ಷರವೂ ಓದಲು ಬರಲಿಲ್ಲ. ಅಚ್ಚಿಗೆ ಅಕ್ಷರಗಳನ್ನು ಹಿಂದುಮುಂದಾಗಿ ಕೆತ್ತಬೇಕೆಂದು ತಲೆಮಾರುಗಳಿಗೆ ಪಾಠ ಹೇಳಿದ ಮೇಷ್ಟ್ರು, ಕೋಪದಲ್ಲಿ, ಓದುವ ಹಾಗೆಯೇ ನೆಟ್ಟಗೆ ಕೆತ್ತಿಬಿಟ್ಟಿದ್ದರು. ಹಾಳೆಯ ಮೇಲೆ ಎಲ್ಲವೂ ತಿರುವುಮುರುವಾಗಿ ಮೂಡಿತ್ತು.

ನಾವಿಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ನಾನು ಆ ಹಾಳೆಯನ್ನು ಬುಟ್ಟಿಗೆ ಹಾಕಲು ಹೋದೆ.

"ಬೇಡ, ಕೊಡಿ" ಎಂದು ಅವರು ಹಿಂದಕ್ಕೆ ಪಡೆದರು. ನಗು ನಿಂತಿತ್ತು. "ಇದು ಆ ಡಾಕ್ಟರ ಪ್ರತಿಯ ಕೊನೆಗೆ. ಕನ್ನಡಿ ಎದುರು ಹಿಡಿದೇ ಓದ್ಬೇಕು. ಓದುವಾಗ ಮುಖಾನೂ ಕಾಣತ್ತೆ."

ಎರಡನೆಯ ತುಂಡಿನಲ್ಲಿ ಅದೇ ಮಾತುಗಳನ್ನು ಸರಿಯಾಗಿ ಕೆತ್ತಿದರು. ಅದರಲ್ಲಿ ಇದ್ದುದು ಇಷ್ಟೇ. ಮೊದಲಿಗೆ ಪತ್ನಿಯ ಪೂರ್ಣ ಹೆಸರು. ಅನಂತರ: "ಈ ಹಾಡುಗಳನ್ನು ಕಟ್ಟಿದವಳು ಇವಳು. ನೆನಪಿನಿಂದ ಒಪ್ಪಿಸಿದವನು ಇವಳ ಗಂಡ. ಕೈ ನಡುಗುತ್ತದೆ, ಕಣ್ಣು ಮಂಜಾಗಿದೆ. ಅಕ್ಷರ ಸೊಟ್ಟಗಿದ್ದರೆ ದೋಷ ನನ್ನದು. ಮುಖಪುಟ ಸುಳ್ಳಾಡಿದರೆ ದೋಷ ಅದನ್ನು ಮಾಡಿಸಿದವನದು."

ವಿಷಯ ಬಾಯಿಂದ ಬಾಯಿಗೆ ಹರಡಿ, ಒಬ್ಬೊಬ್ಬರೇ ಹೆಂಗಸರು ಪುಸ್ತಕವನ್ನು ಸೆರಗಿನಲ್ಲೋ ಹ್ಯಾಂಡ್‌ಬ್ಯಾಗಿನಲ್ಲೋ ಮುಚ್ಚಿಕೊಂಡು ಗ್ಯಾರೇಜಿಗೆ ಬಂದರು. ಮೇಷ್ಟ್ರು ಮೈದಾ ಅಂಟು ಸವರಿ ಕೊನೆಯ ಹಾಳೆಯನ್ನು ಅಂಟಿಸಿ, ಮೇಲೆ ಒಂದು ಸೇರು ತೂಕದ ಕಬ್ಬಿಣವನ್ನಿಟ್ಟು, ಒಣಗುವವರೆಗೆ ಕಾಫಿ ಕೊಡುತ್ತಿದ್ದರು. "ಅಂಕಲ್, ಅವತ್ತು ನಾನೂ ಕ್ಲ್ಯಾಪ್ ಮಾಡ್ಬಿಟ್ಟೆ" ಎಂದು ಒಬ್ಬಾಕೆ ಕಣ್ಣೊರೆಸಿಕೊಂಡಳು. "ಕಾಫಿ ಕುಡಿಯಮ್ಮ. ಮುಂದಿನ ಸಲ ಹಾಡುವಾಗ ಕೊನೇ ತನಕ ಓದು, ಸಾಕು" ಎಂದರು.

ಸುದ್ದಿ ಡಾಕ್ಟರಿಗೆ ತಲುಪಿತು. ಫೋನು ಬಂದಾಗ ಮೇಷ್ಟ್ರ ಕೈಗಳಲ್ಲಿ ಅಂಟು ಇದ್ದುದರಿಂದ ಸ್ಪೀಕರ್ ಒತ್ತಿದವನು ನಾನೇ. "ಅಂಕಲ್, ದಿಸ್ ಈಸ್ ಟೂ ಮಚ್. ನಮ್ಮ ಸಂಘದ ಬುಕ್ ನೀವು ಹೇಗೆ ಹಾಳು ಮಾಡ್ತೀರಿ? ಲಾಯರ್‌ಗೆ ಹೇಳ್ಬೇಕಾಗತ್ತೆ."

"ನಿಮ್ಮ ಒಂದು ಅಕ್ಷರ ಮುಟ್ಟಿಲ್ಲಪ್ಪ. ಕೊನೇಲಿ ಒಂದು ಹಾಳೆ ಸೇರಿಸ್ತಿದೀನಿ, ಈ ಕಸುಬಿನ ಹಳೇ ಪದ್ಧತಿ. ನಿಮ್ದೂ ರೆಡಿ ಇದೆ. ನೀವೇ ಬರ್ತೀರೋ, ಕಳಿಸ್ಲೋ?"

ಆ ಕಡೆಯಿಂದ ಫೋನು ಕಟ್ಟಾಯಿತು. ಮೇಷ್ಟ್ರು ಕುಂಚವನ್ನು ಮತ್ತೆ ಅಂಟಿನಲ್ಲಿ ಅದ್ದಿದರು.

ಇಲ್ಲಿಯ ಶರತ್ಕಾಲವಾದ ಏಪ್ರಿಲಿನ ಒಂದು ಬೆಳಿಗ್ಗೆ ಅವರು ಯಂತ್ರದ ಪಕ್ಕದ ಕುರ್ಚಿಯಲ್ಲಿ ಕುಳಿತಲ್ಲೇ ಹೊರಟುಹೋದರು. ಸಿಡ್ನಿಯಿಂದ ನಾನು ಧಾವಿಸಿದೆ. ಕೈಗೆ ಗಂಧ ಹಚ್ಚುವಾಗ ಉಗುರಿನಡಿಯ ಮಸಿ ಹಾಗೇ ಇತ್ತು. ಅವರ ಮಗ ನನ್ನನ್ನು ಬದಿಗೆ ಕರೆದು, ತಿರುವುಮುರುವಾದ ಆ ಹಾಳೆಯನ್ನು ಕೊಟ್ಟ. "ನಿಮ್ಗೇ ಕೊಡ್ಬೇಕು ಅಂದಿದ್ರು. ಎಲ್ಲಿ ಅಂಟಿಸ್ಬೇಕು ಅಂತ ಶಾಸ್ತ್ರಿಗಳಿಗೆ ಗೊತ್ತು ಅಂದ್ರು."

ನನಗೆ ಗೊತ್ತಿತ್ತು.

ಶ್ರಾವಣದಲ್ಲಿ ಡಾಕ್ಟರೇ ನನಗೆ ಫೋನು ಮಾಡಿದರು. ಹೊಸ ಮನೆಯ ಮೊದಲ ವರಮಹಾಲಕ್ಷ್ಮಿ ವ್ರತ. ಪೂಜೆಯನ್ನೂ ಹಾಡಿನ ಪಾರಾಯಣವನ್ನೂ ನಾನೇ ನಡೆಸಿಕೊಡಬೇಕೆಂದರು. "ಮೇಷ್ಟ್ರು ಹೋಗ್ಬಿಟ್ರು, ಪಾಪ. ಹಳೇದೆಲ್ಲ ಮರೆತುಬಿಡೋಣ ಶಾಸ್ತ್ರಿಗಳೇ." ಬರುತ್ತೇನೆ ಎಂದೆ. ಮರೆಯುತ್ತೇನೆ ಎನ್ನಲಿಲ್ಲ.

ನಾನು ನಡೆಸುವ ಪಾರಾಯಣಗಳಲ್ಲಿ ಒಂದು ನಿಯಮವಿರುವುದನ್ನು ಸಿಡ್ನಿ, ಮೆಲ್ಬರ್ನ್ ಎರಡೂ ಊರಿನವರು ಬಲ್ಲರು. ಗ್ರಂಥವನ್ನು ನಡುವೆ ಮುಚ್ಚಬಾರದು. ಕೊನೆಯ ಹಾಳೆಯನ್ನು ಮನೆಯ ಯಜಮಾನನೇ ಗಟ್ಟಿಯಾಗಿ ಓದಬೇಕು. ಅಲ್ಲಿಯವರೆಗೆ ಆರತಿ ಎತ್ತುವಂತಿಲ್ಲ, ಯಾರೂ ಏಳುವಂತಿಲ್ಲ. ಅಂದು ಬೆಳಿಗ್ಗೆ ಮಂಟಪವನ್ನು ಸಿದ್ಧಪಡಿಸುವಾಗ, ದೇವಿಯ ಮುಂದೆ ಅರಿಶಿನ ಕುಂಕುಮವಿಟ್ಟು ಇರಿಸಿದ್ದ ಡಾಕ್ಟರ ಪ್ರತಿಗೆ ನಾನು ಮೈದಾ ಅಂಟು ಸವರಿದೆ.  ದೇವಿ ನೋಡುತ್ತಿದ್ದಳು. ನೋಡಲಿ ಎಂದೇ ಅವಳ ಎದುರಿನಲ್ಲಿ ಮಾಡಿದೆ.

ಹಾಲಿನ ತುಂಬ ಹೆಂಗಸರು. ಎಲ್ಲರ ಮಡಿಲಲ್ಲೂ ಪುಸ್ತಕ. ಹಾಡುಗಳು ಒಂದಾದ ಮೇಲೊಂದು ಸಾಗಿ, ಮಂಗಳ ಮುಗಿಯಿತು. ಡಾಕ್ಟರು ತಮ್ಮ ಪ್ರತಿಯ ಕೊನೆಯ ಹಾಳೆಯನ್ನು ತಿರುವಿದರು. ಹುಬ್ಬು ಗಂಟಿಕ್ಕಿತು. "ಇದೇನಿದು? ಓದಕ್ಕೇ ಆಗ್ತಿಲ್ವಲ್ಲ."

ದೇವಿಗೆ ಉಪಚಾರವಾಗಿ ತೋರಿಸಿದ ಕನ್ನಡಿ ತಟ್ಟೆಯಲ್ಲೇ ಇತ್ತು. ಅದನ್ನೆತ್ತಿ ಅವರ ಕೈಗೆ ಕೊಟ್ಟೆ. "ಇದರಲ್ಲಿ ನೋಡಿ ಓದಿ, ಡಾಕ್ಟ್ರೇ. ನಿಧಾನವಾಗಲಿ. ಆತುರವಿಲ್ಲ."

ಅವರಿಗೆ ಅರ್ಥವಾಯಿತು. ನನ್ನನ್ನು ನೋಡಿದರು, ಹೆಂಗಸರನ್ನು ನೋಡಿದರು. ಯಾರೂ ಕಣ್ಣು ತಗ್ಗಿಸಲಿಲ್ಲ. ಆರತಿಯ ತಟ್ಟೆಯಲ್ಲಿ ತುಪ್ಪದ ಬತ್ತಿಗಳು ಸಿದ್ಧವಾಗಿದ್ದವು. "ಓದ್ರೀ, ಎಲ್ಲರೂ ಕಾಯ್ತಿದ್ದಾರೆ" ಎಂದು ಏನೂ ಅರಿಯದ ಅವರ ಪತ್ನಿ ಮೆಲ್ಲನೆ ನುಡಿದರು.

ಕನ್ನಡಿಯಲ್ಲಿ ಅಕ್ಷರಗಳ ಪಕ್ಕದಲ್ಲೇ ಅವರ ಮುಖವಿತ್ತು. ಅವರು ಮೇಷ್ಟ್ರ ಪತ್ನಿಯ ಹೆಸರನ್ನು ಓದಿದರು. ಕಟ್ಟಿದವಳು ಇವಳು ಎಂದು ಓದಿದರು. ನಡುಗುವ ಕೈಯ, ಮಂಜಾದ ಕಣ್ಣಿನ, ಸೊಟ್ಟ ಅಕ್ಷರದ ಮಾತನ್ನೂ ಓದಿ, ಕನ್ನಡಿಯನ್ನು ಕೆಳಗಿಳಿಸಲು ಹೋದರು.

"ಇರಲಿ ಡಾಕ್ಟ್ರೇ, ಹಾಗೇ ಹಿಡಿದಿರಿ" ಎಂದೆ. "ಇನ್ನೂ ಒಂದು ಸಾಲಿದೆ."