ಅಮ್ಮನ ಬಲಗೈ

ಗ್ಯಾಲರಿಯಲ್ಲಿ ಈ ಚಿತ್ರಕಾರರಿಗೆ ‘ವಿವರಣೆ ಮೇಷ್ಟ್ರು’ ಎಂದೇ ಹೆಸರು. ಯಾರಾದರೂ ಚಿತ್ರದ ಮುಂದೆ ನಿಂತು ಕಣ್ಣರಳಿಸುವಷ್ಟರಲ್ಲಿ ಹೆಗಲ ಹಿಂದಿನಿಂದ ಸಣ್ಣ ಕೆಮ್ಮು ಕೇಳಿಸುತ್ತದೆ. “ಇದರ ಹಿಂದೆ ಒಂದು ನೋವಿದೆ” ಎಂದು ಶುರುವಾಗುತ್ತದೆ. ಶೌಚಾಲಯ ಎಲ್ಲಿದೆ ಎಂದು ಕೇಳಿದವರೂ ಎರಡು ಚಿತ್ರಗಳ ಅರ್ಥ ತಿಳಿದುಕೊಂಡೇ ಅತ್ತ ಓಡಬೇಕು. ಬಲ್ಬು ಬದಲಿಸುತ್ತಿದ್ದವನು ಒಮ್ಮೆ, “ಎಲ್ಲಾ ಅರ್ಥ ಆಯ್ತು ಸಾರ್, ಏಣಿ ಮಾತ್ರ ಅಲ್ಲಾಡಿಸ್ಬೇಡಿ” ಎಂದು ಗೋಗರೆದಿದ್ದ. ಅವರು ಅತಿ ಹೆಚ್ಚು ಸಲ ಹೇಳಿದ್ದು ಸೂಜಿ ಹಿಡಿದ ಕೈಯ ಚಿತ್ರದ ಕಥೆ: ತೀರಿಹೋದ ಅಮ್ಮ, ಅವಳು ಹೊಲಿದುಕೊಟ್ಟ ಅಂಗಿಗಳು, ಮರೆಯಲಾಗದ ಆ ಬಲಗೈ. ‘ಬಲಗೈ’ ಎನ್ನುವಾಗ ಪ್ರತಿಸಲವೂ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಕೇಳುವವರು ಕರವಸ್ತ್ರ ಹುಡುಕುತ್ತಾರೆ. ಹದಿನಾರು ವರ್ಷಗಳಿಂದ ಒಂದು ಪದವೂ ಆಚೀಚೆ ಆಗಿಲ್ಲ. ಕಳೆದ ವಾರ ಅವರ ತಂಗಿ ಮೊದಲ ಸಲ ಪ್ರದರ್ಶನಕ್ಕೆ ಬಂದಳು. ಕಥೆಯನ್ನು ಪೂರ್ತಿ ಕೇಳಿ, “ಅಣ್ಣಾ, ಅಮ್ಮ ಎಡಚಿ ಅಲ್ವಾ? ಸೂಜಿ ಯಾವತ್ತೂ ಎಡಗೈಲೇ ಇರ್ತಿತ್ತಲ್ಲ” ಎಂದಳು, ಮೆಲ್ಲಗೆ. ಮೇಷ್ಟ್ರು ಅಮ್ಮನನ್ನು ನೆನಪಿಸಿಕೊಳ್ಳಲು ಕಣ್ಣು ಮುಚ್ಚಿದರು. “ಕಣ್ಣು ಮುಚ್ಚಿದ್ರೂ ಇದೇ ಚಿತ್ರ ಕಾಣುತ್ತೆ ಕಣೇ, ಅಮ್ಮ ಕಾಣಲ್ಲ” ಎಂದರು. ಆಮೇಲೆ, ಚಿತ್ರದ ಪಕ್ಕ ತಾವೇ ಬರೆದು ಅಂಟಿಸಿದ್ದ ಚೀಟಿಯ ಹತ್ತಿರ ಹೋಗಿ, ಅಮ್ಮ ಹೇಗಿದ್ದಳೆಂದು ಬೆರಳಿಟ್ಟು ಓದತೊಡಗಿದರು.