ಅತ್ತೆಗೆ ಓದಿ ಹೇಳಿದ ಕೊಲೆಗಳು

ನಮ್ಮ ಅಂಗಡಿಯಲ್ಲಿ ಸಿಗದ ಆಯುಧದಿಂದ ಕೊಲೆ ಮಾಡಿಸಿದ ಕಾದಂಬರಿಕಾರರು ನನಗಿನ್ನೂ ಸಿಕ್ಕಿಲ್ಲ. ಕತ್ತಿ, ಗುದ್ದಲಿ, ಸುತ್ತಿಗೆ, ನೈಲಾನ್ ಹಗ್ಗ, ಗಿಡಕ್ಕೆ ಹೊಡೆಯುವ ಔಷಧಿ, ಎಲ್ಲವೂ ಉಂಟು. ಮೂಡಿಗೆರೆ ಪೇಟೆಯಲ್ಲಿ ಕಾಫಿ ತೋಟಕ್ಕೆ ಬೇಕಾದ ಸಾಮಾನು ಮಾರುವ ಅಂಗಡಿ ನಮ್ಮದು. ಮಾವನವರು ಶುರು ಮಾಡಿದ್ದು, ಈಗ ನಮ್ಮನೆಯವರು ನಡೆಸುತ್ತಾರೆ. ಮಧ್ಯಾಹ್ನ ಅವರು ಮನೆಗೆ ಹೋಗಿ ಉಂಡು ಒಂದು ನಿದ್ದೆ ತೆಗೆದು ಬರುವವರೆಗೆ ಗಲ್ಲಾದಲ್ಲಿ ಅತ್ತೆ ಕೂರುತ್ತಾರೆ, ಪಕ್ಕದ ಸ್ಟೂಲಿನಲ್ಲಿ ನಾನು. ಆ ಹೊತ್ತಿಗೆ ಗಿರಾಕಿಗಳು ಕಡಿಮೆ. ಹಾಗಾಗಿ ಅದು ನನ್ನ ಓದಿನ ಹೊತ್ತು.

ಓದುವುದೆಂದರೆ ನನಗೆ ಹೆದರಿಸುವ ಕಾದಂಬರಿಗಳೇ ಆಗಬೇಕು. ಹಾಗಂತ ನಾನೇನು ಧೈರ್ಯವಂತೆಯಲ್ಲ, ಹಲ್ಲಿ ಲೊಚಗುಟ್ಟಿದರೂ ಎದ್ದು ಕೂರುವ ಪುಕ್ಕಲಿ. ಆದರೂ ಲೈಬ್ರರಿಗೆ ಹೋದರೆ ಕೈ ಚಾಚುವುದು ಅದೇ ಕಪಾಟಿಗೆ. ಹಲ್ಲು ಚುಳ್ಳೆನ್ನುತ್ತದೆ ಎಂದು ಗೊತ್ತಿದ್ದೂ ಹುಣಸೆಕಾಯಿ ಕಚ್ಚುವುದಿಲ್ಲವೇ, ಹಾಗೆ. ಅದಕ್ಕಾಗಿ ನನ್ನದೇ ಕೆಲವು ಕಟ್ಟುಪಾಡುಗಳಿದ್ದವು. ಹಗಲಿನಲ್ಲೇ ಓದಬೇಕು. ತೀರಾ ಭಯವಾದರೆ ಪುಸ್ತಕ ಮುಚ್ಚಿ, ಒಳಗಿರುವುದು ಎದ್ದು ಬರದಂತೆ ತಕ್ಕಡಿಯ ಐದು ಕೆಜಿ ತೂಕದ ಬಟ್ಟು ಮೇಲಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೊನೆಯ ಪುಟಗಳನ್ನು ಮೊದಲೇ ನೋಡಿಬಿಡಬೇಕು. ಯಾರು ಸಾಯುತ್ತಾರೆ ಎಂದು ಗೊತ್ತಿದ್ದರೆ ಅವರನ್ನು ಹೆಚ್ಚು ಹಚ್ಚಿಕೊಳ್ಳದೆ ಓದಬಹುದು.

ಅತ್ತೆಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ಪೇಪರಿನ ಅಕ್ಷರ ಕಾಣದಾದ ಮೇಲೆ ಮಧ್ಯಾಹ್ನಗಳು ಅವರಿಗೆ ಉದ್ದವಾದವು. ಒಂದು ದಿನ ನನ್ನ ಕಡೆ ತಿರುಗಿ, "ಎಂತದೇ ಅದು, ಒಬ್ಳೇ ಓದ್ತಾ ಒಬ್ಳೇ ಬೆಚ್ಚಿ ಬೀಳ್ತಿರ್ತೀಯ? ಜೋರಾಗಿ ಓದು ಮಾರಾಯ್ತಿ, ನಾನೂ ಬೆಚ್ಚಿ ಬೀಳ್ತೀನಿ" ಅಂದರು. ಹಾಗೆ ಶುರುವಾಯಿತು. ಆದರೆ ಅವರು ಒಂದು ದಿನವೂ ಬೆಚ್ಚಿ ಬೀಳಲಿಲ್ಲ.

ದೆವ್ವದ ಬಗ್ಗೆ ಅವರಿಗೆ ಭಯವಿರಲಿಲ್ಲ, ತಕರಾರಿತ್ತು. "ಅಷ್ಟು ದೊಡ್ಡ ಬಂಗ್ಲೆ ಅಂತೀಯ, ಒಂದು ನಾಯಿ ಸಾಕಿಲ್ವಾ ಅವ್ರು?" ಎನ್ನುವರು. ಅಟ್ಟದಲ್ಲಿ ಸದ್ದಾಯಿತೆಂದು ಕಥೆಯ ಹೆಂಗಸು ಬರಿಗೈಯಲ್ಲಿ ಮೆಟ್ಟಿಲು ಹತ್ತಿದರೆ, "ಬ್ಯಾಟ್ರಿ ತಗೊಂಡು ಹೋಗೇ" ಎಂದು ಗದರುವರು. ನನ್ನನ್ನೋ ಅವಳನ್ನೋ ತಿಳಿಯುತ್ತಿರಲಿಲ್ಲ. ಕೊಲೆಯ ವಿಷಯ ಬಂದರಂತೂ ಅಂಗಡಿಯವರ ಬುದ್ಧಿ ಜಾಗೃತವಾಗುತ್ತಿತ್ತು. ಒಂದು ಕಾದಂಬರಿಯಲ್ಲಿ ಕೊಲೆಗಾರ ನೈಲಾನ್ ಹಗ್ಗ ಹಿಡಿದು ಹೊಂಚು ಹಾಕಿದ್ದ. ಅತ್ತೆ ಮೂಗು ಮುರಿದು, "ಜಾರತ್ತೆ ಅದು, ಗಂಟು ನಿಲ್ಲಲ್ಲ. ನಾರಿನ ಹಗ್ಗ ತಗೋಬೇಕಿತ್ತು. ನಮ್ಮಲ್ಲಿಗೆ ಬಂದಿದ್ರೆ ಹೇಳ್ತಿದ್ವಿ" ಅಂದರು. ಕಳಸದ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರು ಮೊಳೆ ಕಟ್ಟಿಸಿಕೊಂಡ ಮೇಲೂ ನಿಂತು ಕೇಳುತ್ತಿದ್ದರು. ಅಧ್ಯಾಯ ಮುಗಿಯುವಷ್ಟರಲ್ಲಿ ಅವರ ಬಸ್ಸು ಹೋಗಿರುತ್ತಿತ್ತು.

ಇಂಥ ಓದು ತಲೆಗೇರಿದರೆ ಕಂಡವರೆಲ್ಲ ಕೊಲೆಗಾರರಾಗುತ್ತಾರೆ. ಒಂದು ಮಧ್ಯಾಹ್ನ ಹೆಣ ಹೂಳುವ ಅಧ್ಯಾಯ ಓದುತ್ತಿದ್ದೆ. ಕೊಟ್ಟಿಗೆಹಾರದ ಕಡೆಯವನೊಬ್ಬ ಬೆವರು ಸುರಿಸುತ್ತ ಬಂದು ದೊಡ್ಡ ಟಾರ್ಪಾಲು, ದಪ್ಪ ಹಗ್ಗ, ಹೊಸ ಗುದ್ದಲಿ ಕೇಳಿದ. ಕೊಟ್ಟೆ. "ಕಲ್ಲುಪ್ಪು ಮೂಟೆಗಟ್ಲೆ ಎಲ್ಲಿ ಸಿಗತ್ತೆ?" ಎಂದೂ ಕೇಳಿದ. ಅತ್ತೆಯ ಕಿವಿಯಲ್ಲಿ ನನ್ನ ಅನುಮಾನ ಪಿಸುಗುಟ್ಟಿದೆ. ಅವರಿಗೆ ಗುಟ್ಟು ಎಂಬುದೇ ಗೊತ್ತಿಲ್ಲ.

"ಏನು ಮಾರಾಯ, ಯಾರನ್ನಾದ್ರೂ ಹೂಳ್ತಿದೀಯಾ?" ಎಂದು ಕೇಳಿಯೇಬಿಟ್ಟರು.

"ಹೌದು ಅಮ್ಮ. ನಮ್ಮ ಎಮ್ಮೆ ಸತ್ತೋಯ್ತು ಬೆಳಿಗ್ಗೆ" ಅಂದ. ಅವನ ಕಣ್ಣಲ್ಲಿ ನೀರು ಬಂತು. ಅತ್ತೆ ಅವನನ್ನು ಕೂರಿಸಿ, ಎದುರಿನ ಹೋಟೆಲಿನಿಂದ ಕಾಫಿ ತರಿಸಿ, ಎಮ್ಮೆ ಎಷ್ಟು ಹಾಲು ಕೊಡುತ್ತಿತ್ತು, ಯಾವ ಕಾಯಿಲೆ ಬಂತು ಎಂದೆಲ್ಲ ವಿಚಾರಿಸಿದರು. ಅವನು ಹೋದ ಮೇಲೆ ನನಗೆ ಮಂಗಳಾರತಿಯಾಯಿತು. ನಾನು ಒಂದು ವಾರ ಅಡುಗೆಯ ಪುಸ್ತಕ ಓದಿದೆ.

ಎಲ್ಲವೂ ನಗುವಿನಲ್ಲೇ ನಡೆಯುತ್ತಿರಲಿಲ್ಲ. ಅತ್ತೆ ಸಾಮಾನನ್ನು ಮುಟ್ಟಿ ಗುರುತಿಸುತ್ತಿದ್ದರು. ಮೊಳೆ, ಹಗ್ಗಕ್ಕಾದರೆ ಅದು ನಡೆಯುತ್ತದೆ, ಔಷಧಿ ಡಬ್ಬಕ್ಕೆ ನಡೆಯುವುದಿಲ್ಲ. ಕಾಫಿ ಗಿಡದ ರೋಗಕ್ಕೆ ಔಷಧಿ ಕೇಳಿದವರೊಬ್ಬರಿಗೆ ಕಳೆ ಸಾಯಿಸುವ ಔಷಧಿ ಎತ್ತಿಕೊಟ್ಟರು. ಅವರು ಡಬ್ಬದ ಮೇಲಿನದನ್ನು ಓದಿ ವಾಪಸು ತಂದದ್ದರಿಂದ ಅವರ ತೋಟ ಉಳಿಯಿತು. ಆ ಮಧ್ಯಾಹ್ನ ಅತ್ತೆ ಕಥೆ ಕೇಳಲಿಲ್ಲ. ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ಕೂತಿದ್ದು, "ಇನ್ನು ಅಂಗಡಿಗೆ ನಾನು ಬರಲ್ಲ ಕಣೆ" ಅಂದರು. ಮಾವನವರು ಹೋದ ಮೇಲೆ ಆ ಗಲ್ಲಾವೇ ಅವರನ್ನು ಎತ್ತಿ ನಿಲ್ಲಿಸಿತ್ತು.

ಆಪರೇಷನ್ ಮಾಡಿದರೆ ಸರಿಹೋಗುತ್ತದೆ ಎಂದು ಚಿಕ್ಕಮಗಳೂರಿನ ಡಾಕ್ಟರು ಎಂದೋ ಹೇಳಿದ್ದರು. ಅತ್ತೆ ಒಪ್ಪಿರಲಿಲ್ಲ. ಬಹಳ ಹಿಂದೆ ಅವರ ಅಕ್ಕನಿಗೆ ಆಪರೇಷನ್ ಆಗಿ, ಕೀವಾಗಿ, ಇದ್ದ ಕಣ್ಣೂ ಹೋಗಿತ್ತಂತೆ. "ಕಣ್ಣಿಗೆ ಸೂಜಿ ಚುಚ್ಚಿಸ್ಕೊಳ್ಳೋ ಬದ್ಲು ನಿನ್ನ ದೆವ್ವದ ಬಂಗ್ಲೇಲಿ ಒಂದು ವರ್ಷ ಇದ್ದು ಬರ್ತೀನಿ" ಎನ್ನುತ್ತಿದ್ದರು. ನಮ್ಮನೆಯವರು ಹೇಳಿ ಸೋತು, "ನೀವಿಬ್ರೂ ಒಂದೇ ಪಾರ್ಟಿ ಅಲ್ವಾ, ನೀನೇ ಒಪ್ಸು" ಎಂದು ನನ್ನ ತಲೆಗೆ ಕಟ್ಟಿದರು. ನಾನು ಹೇಳಿದೆ, ಬೇಡಿಕೊಂಡೆ, ಜಗಳವೂ ಆಡಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ಕೊನೆಗೆ ಅವರನ್ನು ಒಪ್ಪಿಸಿದ್ದು ನನ್ನ ಶೀತ. ಗಂಟಲು ಕಟ್ಟಿ ಧ್ವನಿ ಪೂರ್ತಿ ಹೋಯಿತು. ಆಗ ಓದುತ್ತಿದ್ದ ಕಾದಂಬರಿಯಲ್ಲಿ, ಹಳೆಯ ಬಂಗಲೆಯ ಮುದುಕಿಯನ್ನು ನೋಡಿಕೊಳ್ಳಲು ಹುಡುಗಿಯೊಬ್ಬಳು ಬಂದಿದ್ದಳು. ಅವಳ ಕೋಣೆಯ ಹೊರಗೆ ಯಾರೋ ಓಡಾಡುವ ಸದ್ದು. ಕಥೆ ಅಲ್ಲಿಗೆ ನಿಂತಿತ್ತು. ಅತ್ತೆ ತಡೆಯಲಾರದೆ ಮಗನ ಕೈಗೆ ಪುಸ್ತಕ ಕೊಟ್ಟರು. ಪಾಪ, ಅವರು ಮೊದಲ ಪುಟದಿಂದ ಶುರು ಮಾಡಿ ಬೆಲೆಪಟ್ಟಿ ಓದಿದ ಹಾಗೆ ಓದಿದರು. ಹುಡುಗಿ ಚೀರಿದ್ದೂ, ಗಾಳಿ ಬೀಸಿದ್ದೂ, ಅವಳು ನೀರು ಕುಡಿದದ್ದೂ ಒಂದೇ ರಾಗದಲ್ಲಿ ಬಂದವು. ನಡುವೆ ಫೋನ್ ಬಂದರೆ ಎದ್ದು ಹೋಗಿ, ವಾಪಸು ಬಂದು ಬೇರೆ ಪುಟ ಓದುತ್ತಿದ್ದರು. ಮೂರನೆಯ ದಿನ ಅತ್ತೆ ಪುಸ್ತಕ ಕಿತ್ತುಕೊಂಡು, "ಕರ್ಮ. ಆ ಡಾಕ್ಟ್ರ ಹತ್ರ ಯಾವಾಗ ಹೋಗೋದು?" ಅಂದರು. ನಾನು ನಕ್ಕೆ, ಸದ್ದು ಬರಲಿಲ್ಲ. ಅವರು ನನ್ನ ಕೈ ಹಿಡಿದು, "ನೀನು ಹೇಳ್ದೆ ಅಂತ ಹೋಗ್ತಿರೋದು" ಎಂದಾಗ ನಗು ನಿಂತಿತು.

ಮೊದಲು ಒಂದು ಕಣ್ಣಿಗೆ ಎಂದು ನಿಗದಿಯಾಯಿತು. ಆಪರೇಷನ್ನಿನ ದಿನದವರೆಗೆ ನನಗೆ ಅನ್ನ ಸೇರಲಿಲ್ಲ, ಧ್ವನಿ ಮರಳಿದರೂ ಕಾದಂಬರಿ ಕೈಗೆತ್ತಿಕೊಳ್ಳಲಿಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ ಅದು ನನ್ನ ಮಾತಿನಿಂದ ಆದದ್ದು. ಈ ಕಥೆಯ ಕೊನೆಯ ಪುಟಗಳನ್ನು ತಿರುವಿ ನೋಡುವಂತಿರಲಿಲ್ಲ.

ಆಸ್ಪತ್ರೆಯಲ್ಲಿ ಅತ್ತೆಗೆ ಹಸಿರು ಗೌನು ಹಾಕಿ ಒಳಗೆ ಕರೆದುಕೊಂಡು ಹೋದರು. ನಾನು ಹೊರಗಿನ ಬೆಂಚಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೆ. ಸ್ವಲ್ಪ ಹೊತ್ತಿಗೇ ನರ್ಸ್ ಬಂದಳು.

"ಇಲ್ಲಿ ಕಥೆ ಓದೋರು ಯಾರು?"

ಬೆಂಚಿನ ಮೇಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಕೈ ಎತ್ತಿದೆ.

"ಆಪರೇಷನ್‌ಗೆ ಮುಂಚೆ ಒಂದು ಇಂಜೆಕ್ಷನ್ ಕೊಡ್ಬೇಕು. ನಿಮ್ಮ ಅತ್ತೆ ನಡುಗ್ತಿದಾರೆ, ಕೊಡೋಕೇ ಆಗ್ತಿಲ್ಲ. ಸೊಸೆ ಬಾಗ್ಲಲ್ಲಿ ನಿಂತು ಓದಿದ್ರೆ ಅಲ್ಲಾಡಲ್ಲ ಅಂತಾರೆ. ಡಾಕ್ಟ್ರು ಹೂಂ ಅಂದ್ರು. ಬನ್ನಿ ಬೇಗ."

ಬಾಗಿಲು ಅರ್ಧ ತೆರೆದಿತ್ತು. ಅತ್ತೆಯ ಪಾದಗಳು ಮಾತ್ರ ಕಾಣುತ್ತಿದ್ದವು. ಯಾವ ದೆವ್ವಕ್ಕೂ ಹೆದರದವರ ಪಾದಗಳು ಗಡಗಡ ನಡುಗುತ್ತಿದ್ದವು. ನಾನು ಚೀಲದಿಂದ ಪುಸ್ತಕ ತೆಗೆದು, ಧ್ವನಿ ಹೋದ ದಿನ ನಿಲ್ಲಿಸಿದ್ದಲ್ಲಿಂದ ಶುರು ಮಾಡಿದೆ. ಹೊರಗಿನ ಹೆಜ್ಜೆ ಸದ್ದು ಹುಡುಗಿಯ ಕೋಣೆಯ ಮುಂದೆ ನಿಂತಿತು. ಯಾರೋ ಬಾಗಿಲು ಬಡಿದರು. ಅವಳು ಎದ್ದಳು, ಚಿಲಕಕ್ಕೆ ಕೈ ಹಾಕಿದಳು. ಮುಂದಿನದು ನನಗೆ ಗೊತ್ತಿತ್ತು, ಎಂದಿನಂತೆ ಮೊದಲೇ ನೋಡಿಕೊಂಡಿದ್ದೆ. ಬಾಗಿಲು ತೆಗೆದ ಕೂಡಲೇ ಅವಳು ಸಾಯುತ್ತಾಳೆ.

ಅದನ್ನು ಅಲ್ಲಿ ಓದಲು ನನ್ನ ನಾಲಿಗೆ ಏಳಲಿಲ್ಲ. ಕಣ್ಣನ್ನು ಪುಸ್ತಕದ ಮೇಲೆಯೇ ಇಟ್ಟು ಹೇಳಿದೆ: "ಹುಡುಗಿ ಬಾಗಿಲು ತೆರೆದಳು. ಹೊರಗೆ ಅಡುಗೆಯವಳು ನಿಂತಿದ್ದಳು. ಎಷ್ಟು ಕರೆಯೋದು ನಿನ್ನ, ಕಾಫಿ ಆರಿ ಹೋಯ್ತು ಬಾ ಎಂದಳು." ಅಲ್ಲಿಂದ ಮುಂದೆ ಬಾಯಿಗೆ ಬಂದದ್ದನ್ನು ಹೇಳುತ್ತ ಹೋದೆ. ಇಬ್ಬರೂ ಅಡುಗೆಮನೆಗೆ ಹೋದರು. ಒಲೆ ಉರಿಯುತ್ತಿತ್ತು. ಬೆಲ್ಲ ಹಾಕಿದ ಬಿಸಿ ಕಾಫಿಯ ಜೊತೆ ಅಕ್ಕಿರೊಟ್ಟಿ ಇತ್ತು. ಮುದುಕಿಯೂ ಎದ್ದು ಬಂದು ನನಗೂ ಒಂದು ಲೋಟ ಕೊಡು ಎಂದಳು. ಪಾದಗಳು ನಿಧಾನವಾಗಿ ನಡುಗುವುದನ್ನು ನಿಲ್ಲಿಸಿದವು. ನರ್ಸ್ ಸಾಕೆಂದು ಕೈ ಮಾಡಿ ಬಾಗಿಲು ಹಾಕಿಕೊಂಡಳು. ನಾನು ಅಲ್ಲೇ ಗೋಡೆಗೆ ಒರಗಿ ನಿಂತೆ. ದೇವರಿಗೆ ಏನೇನು ಹರಕೆ ಹೊತ್ತೆನೋ ನೆನಪಿಲ್ಲ.

ಮರುದಿನ ಪಟ್ಟಿ ಬಿಚ್ಚಿದಾಗ ಅತ್ತೆ ಗೋಡೆಯ ಮೇಲಿನ ಬೋರ್ಡನ್ನು ಕೊನೆಯ ಸಾಲಿನವರೆಗೂ ಓದಿ, "ಕಾಗುಣಿತ ತಪ್ಪಿದೆ ಇಲ್ಲಿ" ಎಂದು ಡಾಕ್ಟರಿಗೆ ತೋರಿಸಿದರು. ನನಗೆ ಅಳು ನಗು ಎರಡೂ ಒಟ್ಟಿಗೆ ಬಂದವು.

ಆಮೇಲೆ ನನಗೆ ಪೀಕಲಾಟ ಶುರುವಾಯಿತು. ಓದುವ ಕನ್ನಡಕ ಬರಲು ತಿಂಗಳು ಹಿಡಿಯಿತು. "ಅಲ್ಲೀತನಕ ನಾನೇ ಓದ್ತೀನಿ" ಎಂದರೆ, "ಬೇಡ, ಉಳಿದಿದ್ದು ನಾನೇ ಓದ್ಕೊಳ್ತೀನಿ" ಎಂದು ಪುಸ್ತಕ ಎತ್ತಿಟ್ಟುಕೊಂಡರು. ಲೈಬ್ರರಿಗೆ ವಾಪಸು ಕೊಡಬೇಕು ಎಂದರೂ ಬಿಡಲಿಲ್ಲ. ಆಪರೇಷನ್ನಿನಂಥ ಹೊತ್ತಿನಲ್ಲಿ ಸೊಸೆ ಸುಳ್ಳು ಓದಿದಳು ಎಂದು ತಿಳಿದರೆ ಏನೆಂದುಕೊಳ್ಳುತ್ತಾರೋ ಎಂಬ ಅಳುಕು ನನಗೆ.

ಕನ್ನಡಕ ಬಂದ ದಿನ ಮಧ್ಯಾಹ್ನ ಅತ್ತೆ ಗಲ್ಲಾದಲ್ಲಿ ಕೂತು ಪುಸ್ತಕ ಬಿಡಿಸಿದರು. ನಾನು ಮೊಳೆಯ ಡಬ್ಬಗಳನ್ನು ಸುಮ್ಮನೆ ಅತ್ತಿಂದಿತ್ತ ಜೋಡಿಸುತ್ತಿದ್ದೆ. ಅತ್ತೆಯ ಬೆರಳು ಸಾಲಿನ ಮೇಲೆ ಸರಿಯುತ್ತಾ ಹೋಗಿ ಒಂದು ಕಡೆ ನಿಂತಿತು. ಅವರು ಆ ಪುಟವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಇದ್ರಲ್ಲಿ ಆ ಹುಡುಗಿ ಸಾಯ್ತಾಳೆ."

"ಹೌದತ್ತೆ."

"ಅವತ್ತು ಸಾಯ್ಲಿಲ್ಲ."

ಅವರು ಪುಸ್ತಕ ಮುಚ್ಚಿ ನನ್ನ ಕಡೆಗೆ ತಳ್ಳಿದರು. "ತಗೊಂಡು ಹೋಗಿ ಕೊಟ್ಬಿಡು ಇದ್ನ, ನಂಗೆ ಬೇಡ" ಅಂದರು. ಪಕ್ಕದ ಸ್ಟೂಲನ್ನು ಹತ್ತಿರ ಎಳೆದು ತೋರಿಸಿದರು. "ಕೂತ್ಕೋ ಇಲ್ಲಿ. ಕಾಫಿ ಕುಡಿದ ಮೇಲೆ ಅವ್ಳು ಏನು ಮಾಡಿದ್ಲು, ಅದನ್ನ ಹೇಳು."